ಕೈಗೆಟುಕುವ ಮನೆ ಬಗ್ಗೆ ಮಾತಾಡೋಕೆ ಯಾರನ್ನ ಕರೀಬೇಕು?

ಫೆಸ್ಟ್ ಸೀಸನ್ ಬಂತು ಅಂದ್ರೆ ಯಾವ ಕ್ಯಾಂಪಸ್‌ನಲ್ಲಾದರೂ ಮೊದಲು ಫೈನಲ್ ಆಗೋದು ಡಿಜೆ, ಆಮೇಲೆ ಚೀಫ್ ಗೆಸ್ಟ್. ಗೆಸ್ಟ್ ಆಗೋಕೆ ಏನೇನು ಅರ್ಹತೆ ಬೇಕು ಅಂತಲೂ ಎಲ್ಲರಿಗೂ ಗೊತ್ತು. ಹೆಸರಿನ ಜೊತೆ ಫೌಂಡರ್ ಅಂತಲೋ ಸಿಇಒ ಅಂತಲೋ ಇರಬೇಕು, ಲಿಂಕ್ಡ್‌ಇನ್‌ನಲ್ಲಿ ಫಾಲೋವರ್ಸ್ ಇರಬೇಕು, ಇಂಗ್ಲಿಷ್‌ನಲ್ಲಿ ನಲವತ್ತು ನಿಮಿಷ ಮಾತಾಡಿ ಊಟಕ್ಕೆ ಮುಂಚೆ ಮುಗಿಸಬೇಕು. ಶಾಲು, ಹಾರ, ಮೊಮೆಂಟೊ, ಗ್ರೂಪ್ ಫೋಟೋ. ಮುಗೀತು.

ಸಿವಿಲ್ ಕಡೆಯ ಸೆಮಿನಾರ್‌ಗಳಲ್ಲಿ ಈಗ ಓಡ್ತಿರೋ ಟಾಪಿಕ್ ಅಂದ್ರೆ ‘ಅಫೋರ್ಡಬಲ್ ಹೌಸಿಂಗ್’. ಕನ್ನಡದಲ್ಲಿ ಕೈಗೆಟುಕುವ ಮನೆ. ಇದರ ಬಗ್ಗೆ ಮಾತಾಡೋಕೆ ಬಿಲ್ಡರ್‌ಗಳು ಬರ್ತಾರೆ, ಸಾಫ್ಟ್‌ವೇರ್ ಮಾರೋರು ಬರ್ತಾರೆ, ಮಿಷನ್‌ನಿಂದ ಮನೆ ಪ್ರಿಂಟ್ ಮಾಡ್ತೀವಿ ಅನ್ನೋರೂ ಬರ್ತಾರೆ. ಬರಲಿ, ತಪ್ಪೇನಿಲ್ಲ. ಆದರೆ ಲಾಭ ನೋಡದೆ ಬಡವರ ಮನೆಗಾಗಿ ವರ್ಷಗಟ್ಟಲೆ ಕೆಲಸ ಮಾಡಿದವರು ಆ ಲಿಸ್ಟ್‌ನಲ್ಲಿ ಕಾಣೋದೇ ಇಲ್ಲ. ಆ ಮನೆ ಕಟ್ಟಿದ ಮೇಸ್ತ್ರಿ, ಅದರಲ್ಲಿ ವಾಸ ಮಾಡ್ತಿರೋ ಹೆಂಗಸು ಅಂತೂ ದೂರದ ಮಾತು. ನಾವು ಹೇಳೋದು ಒಂದೇ: ಈ ವಿಷಯದಲ್ಲಿ ವೇದಿಕೆ ಮೇಲೆ ಮೊದಲ ಕುರ್ಚಿ ಅವರಿಗೆ ಸಿಗಬೇಕು.

ಮೊದಲು ‘ಕೈಗೆಟುಕುವ’ ಅನ್ನೋ ಪದಾನೇ ನೋಡೋಣ. ಯಾರ ಕೈಗೆ? 2019ರ ಏಪ್ರಿಲ್‌ನಿಂದ ಜಿಎಸ್‌ಟಿ ಲೆಕ್ಕದಲ್ಲಿ, ಬೆಲೆ 45 ಲಕ್ಷ ರೂಪಾಯಿ ದಾಟದ ಮನೆ ‘ಅಫೋರ್ಡಬಲ್’. ನಮ್ಮಂಥ ಊರುಗಳಲ್ಲಿ ಕಾರ್ಪೆಟ್ ಏರಿಯಾ 90 ಚದರ ಮೀಟರ್‌ವರೆಗೂ ಇರಬಹುದು, ಬೆಂಗಳೂರಂಥ ಮಹಾನಗರದಲ್ಲಿ 60. ಅಂಥ ಮನೆಗೆ ತೆರಿಗೆ ಶೇ. 1. ಇನ್ನೊಂದು ಕಡೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ, ಬಯಲು ಪ್ರದೇಶದ ಒಂದು ಮನೆಗೆ ಇಟ್ಟಿರೋ ಸಹಾಯಧನ 1.20 ಲಕ್ಷ. ಕನಿಷ್ಠ ಅಳತೆ 25 ಚದರ ಮೀಟರ್. ಎರಡಕ್ಕೂ ಸೆಮಿನಾರ್‌ನಲ್ಲಿ ಬಳಸೋ ಪದ ಒಂದೇ. ಒಂದು ಇನ್ನೊಂದರ ಮೂವತ್ತೇಳೂವರೆ ಪಟ್ಟು! 45 ಲಕ್ಷದ ಮನೆ ಮಾರೋರು ಬಂದು 1.20 ಲಕ್ಷದ ಮನೆ ಬಗ್ಗೆ ಮಾತಾಡಿದರೆ ಹೆಂಗಿರುತ್ತೆ?

ಇಂಜಿನಿಯರಿಂಗ್ ಓದೋರು ನಾವು, ಇನ್ನೊಂದು ಲೆಕ್ಕ ಹಾಕಿಬಿಡೋಣ. 25 ಚದರ ಮೀಟರ್ ಅಂದ್ರೆ ಸುಮಾರು 269 ಚದರಡಿ. ನಮ್ಮ ಕಡೆ ಮನೆ ಅಳೆಯೋ ಲೆಕ್ಕದಲ್ಲಿ ಎರಡೂಮುಕ್ಕಾಲು ಚದರಕ್ಕೂ ಸ್ವಲ್ಪ ಕಮ್ಮಿ. 1.20 ಲಕ್ಷದ ಜೊತೆಗೆ 2024-25ರಲ್ಲಿ ನರೇಗಾದಿಂದ 90 ದಿನದ ಕೂಲಿ ಸಿಗ್ತಿತ್ತು (ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ), ಶೌಚಾಲಯಕ್ಕೆ ಅಂತ 12,000. ಎಲ್ಲಾ ಸೇರಿಸಿದರೂ ಚದರಡಿಗೆ 600 ರೂಪಾಯಿ ಆಸುಪಾಸು. ಇವತ್ತು ತುಮಕೂರಲ್ಲಿ ಯಾವ ಕಂಟ್ರಾಕ್ಟರ್‌ನ ಕೇಳಿದರೂ ಇದರ ಎರಡರಷ್ಟಕ್ಕೂ ಒಪ್ಪಲ್ಲ. ಉಳಿದ ದುಡ್ಡು ಎಲ್ಲಿಂದ ಬರುತ್ತೆ? ಒಡವೆ ಅಡ ಇಟ್ಟು, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ, ಭಾನುವಾರ ಮನೆಮಂದಿಯೆಲ್ಲಾ ಕಲ್ಲು ಮಣ್ಣು ಹೊತ್ತು. ಬಿಲ್ ಆಗೋದೂ ಹಂತಹಂತವಾಗಿ. ತಳಪಾಯ ಆದಮೇಲೆ ಫೋಟೋ, ಲಿಂಟಲ್ ಮಟ್ಟಕ್ಕೆ ಬಂದಮೇಲೆ ಫೋಟೋ, ಮೋಲ್ಡ್ ಹಾಕಿದ ಮೇಲೆ ಫೋಟೋ. ಮುಂದಿನ ಕಂತು ಬರೋವರೆಗೆ ಕೆಲಸ ನಿಲ್ಲುತ್ತೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸಲ್ಲಿ, ರೈಲಲ್ಲಿ ಕಾಲೇಜಿಗೆ ಬರೋರು ಲಿಂಟಲ್ ಮಟ್ಟಕ್ಕೆ ನಿಂತು ಕಬ್ಬಿಣ ತುಕ್ಕು ಹಿಡಿದ ಗೋಡೆಗಳನ್ನ ಕಿಟಕಿಯಿಂದ ನೋಡಿರ್ತೀರ. ಈ ಗ್ಯಾಪ್ ಯಾವ ಪಿಪಿಟಿಯಲ್ಲೂ ಬರಲ್ಲ. ಅದನ್ನ ತುಂಬಿದವರಿಗೆ ಮಾತ್ರ ಗೊತ್ತು.

‘ಅಂಥ ಲೀಡರ್‌ಗಳು ನಮ್ಮ ಕಡೆ ಎಲ್ಲಿದ್ದಾರೆ’ ಅಂತ ಕೇಳಬೇಡಿ. ಕುಣಿಗಲ್ ತಾಲ್ಲೂಕಿನಲ್ಲಿ ಉಂಗ್ರ ಅಂತ ಒಂದು ಊರಿದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ 1974ರಲ್ಲಿ ‘ಅಸ್ತ್ರ’ ಅನ್ನೋ ಕಾರ್ಯಕ್ರಮ ಶುರುವಾಯ್ತು. ವಿಜ್ಞಾನ ತಂತ್ರಜ್ಞಾನವನ್ನ ಹಳ್ಳಿಗೆ ಒಯ್ಯಬೇಕು ಅನ್ನೋದೇ ಅದರ ಗುರಿ. ಅದನ್ನ ಕಟ್ಟಿದವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ದೊಡ್ಡ ಹೆಸರಾಗಿದ್ದ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ. ಅದರ ವಿಸ್ತರಣಾ ಕೇಂದ್ರ ಬಂದಿದ್ದು ಇದೇ ಉಂಗ್ರದಲ್ಲಿ. ನಮ್ಮ ಅಜ್ಜಿಯರ ಕಾಲದ ಹೊಗೆ ಕಮ್ಮಿ ಮಾಡಿದ ‘ಅಸ್ತ್ರ ಒಲೆ’ ಇವರದ್ದೇ. ಮನೆ ವಿಷಯಕ್ಕೆ ಬಂದರೆ, ಪ್ರೊ. ಕೆ. ಎಸ್. ಜಗದೀಶ್ ಮತ್ತು ಜೊತೆಗಾರರು ಬೆಳೆಸಿದ್ದು ಸ್ಥಿರೀಕೃತ ಮಣ್ಣಿನ ಇಟ್ಟಿಗೆ. ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಕೈಯಲ್ಲಿ ಒತ್ತೋ ಪ್ರೆಸ್‌ನಲ್ಲಿ ಅಚ್ಚು ಹಾಕಿ, ಕೆಲವು ವಾರ ನೀರು ಹೊಡೆದರೆ ಇಟ್ಟಿಗೆ ರೆಡಿ. ಸುಡೋ ಹಾಗಿಲ್ಲ, ಸೌದೆ ಬೇಕಿಲ್ಲ, ಲಾರಿಯಲ್ಲಿ ದೂರದಿಂದ ತರಿಸೋ ಹಾಗಿಲ್ಲ. ಸಿವಿಲ್‌ನವರು ‘ಆಲ್ಟರ್ನೇಟಿವ್ ಬಿಲ್ಡಿಂಗ್ ಮೆಟೀರಿಯಲ್ಸ್’ ಪೇಪರ್‌ಗೆ ಜಗದೀಶ್, ವೆಂಕಟರಾಮ ರೆಡ್ಡಿ, ನಂಜುಂಡರಾವ್ ಅಂತ ಮೂರು ಹೆಸರಿರೋ ಪುಸ್ತಕ ಓದ್ತಾರಲ್ಲ, ಅದೇ ಜಗದೀಶ್. ಇಂಟರ್ನಲ್ಸ್‌ಗೆ ಬೈಹಾರ್ಟ್ ಮಾಡೋ ಚಾಪ್ಟರ್‌ನ ಒಂದು ಬೇರು ನಮ್ಮದೇ ಜಿಲ್ಲೆಯಲ್ಲಿದೆ.

ಉಂಗ್ರದ ಹತ್ತಿರವೇ ಇರೋ ಪುರ ಅನ್ನೋ ಹಳ್ಳಿಯ ಕಥೆ ಮನೆಯದ್ದಲ್ಲ, ಗೋಬರ್ ಗ್ಯಾಸ್‌ದು. ಆದರೂ ಹೇಳಲೇಬೇಕು. ಅಸ್ತ್ರದವರು ಅಲ್ಲಿ ಮೊದಲು ಊರಿಗೆಲ್ಲಾ ಅಡುಗೆ ಗ್ಯಾಸ್ ಕೊಡೋಕೆ ನೋಡಿದರು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ, ನಿಂತುಹೋಯ್ತು. ಊರಿನವರಿಗೆ ಮೊದಲು ಬೇಕಿದ್ದದ್ದು ಕುಡಿಯೋ ನೀರು. 1987ರಿಂದ ಅದೇ ಗ್ಯಾಸ್‌ನಲ್ಲಿ ಇಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಆಗ ಯೋಜನೆ ಸುಮಾರು ಹತ್ತು ವರ್ಷ ನಡೀತು. ಅಷ್ಟು ದೊಡ್ಡ ವಿಜ್ಞಾನಿ ಸೋಲನ್ನ ಮುಚ್ಚಿಡದೆ ಆಮೇಲೆ ಪೇಪರ್ ಬರೆದರು. ನಾಯಕತ್ವ ಅಂದ್ರೆ ನಮಗೆ ಇದು. ತನ್ನ ಐಡಿಯಾ ಊರಿಗೆ ಹೊಂದಲಿಲ್ಲ ಅಂದಾಗ ಊರನ್ನ ಬೈಯದೆ ಐಡಿಯಾ ಬದಲಾಯಿಸೋದು.

ಎರಡನೇ ಹೆಸರು ಜೋಕಿನ್ ಅರ್ಪುತಮ್. ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಹುಡುಗನಾಗಿದ್ದಾಗಲೇ ಮುಂಬೈಗೆ ಹೋಗಿ ಬಡಗಿ ಕೆಲಸ ಮಾಡಿದವರು. ವಾಸ ಜನತಾ ಕಾಲೊನಿ ಅನ್ನೋ ಸ್ಲಮ್‌ನಲ್ಲಿ. ಕಾರ್ಪೊರೇಷನ್‌ನವರು ಕಸ ಎತ್ತಲಿಲ್ಲ ಅಂತ ಅಲ್ಲಿನ ಮಕ್ಕಳನ್ನ ಕಟ್ಟಿಕೊಂಡು, ಕಸವನ್ನ ಹೊತ್ತು ಅವರ ಆಫೀಸಿನ ಮುಂದೆಯೇ ಸುರಿದು ಬಂದರಂತೆ! 1976ರಲ್ಲಿ ಆ ಕಾಲೊನಿಯನ್ನೇ ಕೆಡವಿದರು. ಅವರು ಸುಮ್ಮನಾಗಲಿಲ್ಲ. ದೇಶದ ಸ್ಲಮ್ ನಿವಾಸಿಗಳ ಒಕ್ಕೂಟ ಕಟ್ಟಿದ್ದು ಇವರೇ. 1984ರಲ್ಲಿ ಶೀಲಾ ಪಟೇಲ್ ಮತ್ತು ಗೆಳೆಯರು ಶುರುಮಾಡಿದ ಸ್ಪಾರ್ಕ್ ಸಂಸ್ಥೆ, ಫುಟ್‌ಪಾತ್ ಹೆಂಗಸರ ‘ಮಹಿಳಾ ಮಿಲನ್’, ಈ ಒಕ್ಕೂಟ, ಮೂರೂ ಕೈ ಜೋಡಿಸಿದವು. ಆ ಹೆಂಗಸರು ಬಟ್ಟೆ, ಬಿದಿರು, ಮರ ಕಟ್ಟಿ ನಿಜವಾದ ಅಳತೆಯ ಮಾದರಿ ಮನೆ ನಿಲ್ಲಿಸಿದರು. ಜಾಗ ಚಿಕ್ಕದು, ಅದಕ್ಕೆ ಎತ್ತರ 14 ಅಡಿ ಇಟ್ಟು ಒಳಗೆ ಅಟ್ಟ ಮಾಡಿದರು. ಅದನ್ನ ನೋಡೋಕೆ ಅಧಿಕಾರಿಗಳೇ ಬಂದರು. ಜೋಕಿನ್‌ಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ತೀರಿಕೊಂಡರು. ಕಾಲೇಜಿನಲ್ಲಿ ಓದಿ ಪಡೆದ ಯಾವ ಡಿಗ್ರಿಯೂ ಅವರ ಹತ್ತಿರ ಇರಲಿಲ್ಲ. ನಮ್ಮ ಗೆಸ್ಟ್ ಲಿಸ್ಟ್‌ನಲ್ಲಿ ಅವರಿಗೆ ಜಾಗ ಸಿಗ್ತಿತ್ತಾ? ಯೋಚನೆ ಮಾಡಿ.

ಮೂರನೆಯದಕ್ಕೆ ಬಸ್ಸೂ ಹತ್ತಬೇಕಿಲ್ಲ. ಸ್ಲಂ ಜನಾಂದೋಲನ ಕರ್ನಾಟಕ ಅನ್ನೋ ಸಂಘಟನೆಯ ರಾಜ್ಯ ಸಂಚಾಲಕ ಎ. ನರಸಿಂಹಮೂರ್ತಿ ತುಮಕೂರಿನವರೇ. ಇವರು ಕೇಳೋದು ಮೊದಲು ಹಕ್ಕುಪತ್ರ, ವಸತಿಗೊಂದು ಕಾನೂನು. ಗೋಡೆ ಆಮೇಲಿನ ಮಾತು. ನಮ್ಮ ಸಿಲಬಸ್‌ನಲ್ಲಿ ಮನೆ ಶುರುವಾಗೋದು ತಳಪಾಯದಿಂದ. ಸ್ಲಮ್‌ನಲ್ಲಿ ಮನೆ ಶುರುವಾಗೋದು ಒಂದು ಹಾಳೆಯಿಂದ. ಆ ಹಾಳೆ ಇಲ್ಲ ಅಂದ್ರೆ ಬ್ಯಾಂಕ್ ಸಾಲ ಕೊಡಲ್ಲ, ನಾಳೆ ಯಾರಾದರೂ ಬಂದು ಎಬ್ಬಿಸಿದರೆ ಕೇಳೋರಿಲ್ಲ. ಯಾವ ಕಾಂಕ್ರೀಟ್ ಗ್ರೇಡ್ ಹಾಕಿದರೂ ಅಂಥ ಮನೆ ಗಟ್ಟಿ ಆಗಲ್ಲ. ಅವರ ಎಲ್ಲಾ ಬೇಡಿಕೆಗಳನ್ನ ಒಪ್ಪಲೇಬೇಕು ಅಂತಲ್ಲ. ಒಪ್ಪದೇ ಇರೋಕೂ ಮೊದಲು ಕೇಳಬೇಕಲ್ಲ?

ಇನ್ನು ಆಕ್ಷೇಪಗಳು. ಕ್ಲಬ್ ಮೀಟಿಂಗ್‌ನಲ್ಲಿ ಈ ಮಾತು ಎತ್ತಿದಾಗ ಬಂದಿದ್ದು ಮೂರು.

ಒಂದು, ‘ಮೇಸ್ತ್ರಿಗೆ ಸ್ಟೇಜ್ ಮೇಲೆ ಮಾತಾಡೋಕೆ ಬರಲ್ಲ.’ ಗುಬ್ಬಿ ಪಕ್ಕದಲ್ಲೇ ಇದ್ದುಕೊಂಡು ಈ ಮಾತು ಹೇಳಬಾರದು! ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಅಂಥ ನೆಲದವರಿಗೆ ಒಬ್ಬ ಮೇಸ್ತ್ರಿಯನ್ನ ತರೋದು ಕಷ್ಟವಾ? ಅವರಿಗೆ ಪೋಡಿಯಂ ಬೇಡ. ಒಂದು ರಸಮಟ್ಟ, ಕರಣೆ, ತೂಕದ ಗುಂಡು ಕೊಟ್ಟು ನಾಲ್ಕು ವರಸೆ ಇಟ್ಟಿಗೆ ಕಟ್ಟಿ ತೋರಿಸಿ ಅನ್ನೋಣ. ಕಟ್ಟುತ್ತಾ ಕಟ್ಟುತ್ತಾ ಮಾತು ತಾನಾಗೇ ಬರುತ್ತೆ, ಅದೂ ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಪ್ಲಂಬ್ ಬಾಬ್ ಗೊತ್ತು, ತೂಕದ ಗುಂಡು ಗೊತ್ತಿಲ್ಲ. ನಾಳೆ ಸೈಟ್‌ನಲ್ಲಿ ನಿಂತಾಗ ಬೇಕಾಗೋದು ಎರಡನೆಯದೇ.

ಎರಡು, ‘ಎನ್‌ಜಿಒಗಳಿಂದ ಎಷ್ಟು ಮನೆ ಆಗುತ್ತೆ, ಸರ್ಕಾರವೇ ಮಾಡಬೇಕು.’ ನಿಜ. ಲಾಭ ನೋಡದ ಸಂಸ್ಥೆಗಳು ಕಟ್ಟಿದ ಮನೆಗಳ ಸಂಖ್ಯೆ ಸರ್ಕಾರದ ಮುಂದೆ ಏನೂ ಅಲ್ಲ. ಆದರೆ ಅವರು ಒಂದು ಇಟ್ಟಿಗೆಯನ್ನ, ಒಂದು ಅಳತೆಯನ್ನ, ಒಂದು ಪ್ರಶ್ನೆಯನ್ನ ಮೊದಲು ಪ್ರಯತ್ನ ಮಾಡಿ ನೋಡ್ತಾರೆ. ಸೋತರೆ ಟೆಂಡರ್ ನಷ್ಟ ಇಲ್ಲ, ಪಾಠ ಉಳಿಯುತ್ತೆ. ನಾವು ಓದೋಕೆ ಬಂದವರು. ನಮಗೆ ಪಾಠ ಬೇಕು.

ಮೂರನೆಯದು ಗಟ್ಟಿಯಾದ ಆಕ್ಷೇಪ: ‘ಮಣ್ಣಿನ ಇಟ್ಟಿಗೆ ಅಷ್ಟು ಚೆನ್ನಾಗಿದ್ದರೆ ಊರಲ್ಲೆಲ್ಲಾ ಯಾಕೆ ಕಾಣಲ್ಲ?’ ಇದಕ್ಕೆ ಉತ್ತರ ಪ್ರೊಫೆಸರ್‌ಗಿಂತ ಚೆನ್ನಾಗಿ, ಅದು ಬೇಡ ಅಂದ ಮನೆಯವರಿಗೆ ಗೊತ್ತು. ಮಣ್ಣಿನ ಮನೆ ಅಂದ್ರೆ ಬಡವರ ಮನೆ ಅನ್ನೋ ಮಾತು ಇನ್ನೂ ಇದೆ. ಮಗಳಿಗೆ ಗಂಡು ನೋಡೋವಾಗ ಆರ್‌ಸಿಸಿ ಮನೆ ಅಂತ ಹೇಳಿಕೊಳ್ಳೋದರಲ್ಲಿ ಒಂದು ಮರ್ಯಾದೆ ಇದೆ. ಪ್ರೆಸ್ ಮಿಷನ್ ಯಾರ ಹತ್ತಿರ ಇದೆ, ಮಣ್ಣಿನ ಟೆಸ್ಟ್ ಯಾರು ಮಾಡ್ತಾರೆ, ಬಿರುಕು ಬಿಟ್ಟರೆ ಯಾರು ಬರ್ತಾರೆ? ಇವನ್ನೆಲ್ಲಾ ಯೋಚನೆ ಮಾಡಿಯೇ ಅವರು ಬೇಡ ಅಂದಿರ್ತಾರೆ. ಅದಕ್ಕೇ ಗೆದ್ದ ಕಥೆ ಹೇಳೋರ ಜೊತೆಗೆ, ಒಲ್ಲೆ ಅಂದವರನ್ನೂ ಕರೀಬೇಕು ಅಂತೀವಿ. ತನ್ನ ಮನೆಗೆ ಬೇಡ ಅಂದ ಒಬ್ಬ ತಾಯಿಯ ಐದು ನಿಮಿಷದ ಮಾತು ನಮ್ಮ ಮಿನಿ ಪ್ರಾಜೆಕ್ಟ್‌ಗಳ ದಾರಿಯನ್ನೇ ಬದಲಾಯಿಸಬಹುದು.

ಹಾಗಾದರೆ ಏನು ಮಾಡೋಣ? ಮುಂದಿನ ಫೆಸ್ಟ್‌ನಲ್ಲಿ ಒಂದೇ ಒಂದು ಸೆಷನ್ ಸಾಕು. ನಾಲ್ಕು ಕುರ್ಚಿ ಹಾಕೋಣ. ಒಂದರಲ್ಲಿ ಇಪ್ಪತ್ತು ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಇನ್ನೊಂದರಲ್ಲಿ ಯೋಜನೆ ಮನೆಯನ್ನ ಕಂತುಕಂತಾಗಿ ಕಟ್ಟಿ ಮುಗಿಸಿದ ಅಥವಾ ಮುಗಿಸೋಕಾಗದ ಹೆಂಗಸು. ಮೂರನೆಯದರಲ್ಲಿ ವಸತಿಗಾಗಿ ದುಡಿಯೋ ಸಂಸ್ಥೆಯವರು. ನಾಲ್ಕನೆಯದರಲ್ಲಿ ಪಂಚಾಯಿತಿಯಲ್ಲಿ ಬಿಲ್ ಮಾಡೋ ಇಂಜಿನಿಯರ್. ಅವರ ಕಷ್ಟವೂ ಗೊತ್ತಾಗಲಿ. ಮಾತು ಕನ್ನಡದಲ್ಲಿ. ಬೆಂಗಳೂರು ಗೆಸ್ಟ್‌ಗೆ ಕೊಡೋ ಗೌರವಧನವೇ ಇವರಿಗೂ. ಮೇಸ್ತ್ರಿಗೆ ಆ ದಿನದ ಕೂಲಿ ತಪ್ಪುತ್ತೆ, ಶಾಲು ಹೊದಿಸಿ ಕಳಿಸಿದರೆ ಆಗಲ್ಲ. ಖರ್ಚು ಲೆಕ್ಕ ಹಾಕಿದ್ದೀವಿ. ಗುಬ್ಬಿ ಕುಣಿಗಲ್‌ನಿಂದ ಎಲ್ಲರ ಬಸ್ ಚಾರ್ಜ್ ಸೇರಿಸಿದರೂ ಡಿಜೆ ಸ್ಪೀಕರ್‌ನ ಒಂದು ಗಂಟೆ ಬಾಡಿಗೆಗೆ ಸಮ ಬರಲ್ಲ.

ಇಷ್ಟೆಲ್ಲಾ ಯಾಕೆ ಅಂದ್ರೆ, ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಎಸ್ಟಿಮೇಟ್ ಬರೀತೀವಿ, ಕೆಲವರು ಬಿಲ್‌ಗೆ ಸಹಿ ಹಾಕ್ತೀವಿ, ಕೆಲವರು ಫೋಟೋ ಅಪ್‌ಲೋಡ್ ಆಗೋ ಆ್ಯಪ್‌ಗೆ ಕೋಡ್ ಬರೀತೀವಿ. ನಮ್ಮ ಟೇಬಲ್ ಮೇಲೆ ಒಂದು ಫೈಲ್ ಒಂದು ತಿಂಗಳು ಸುಮ್ಮನೆ ಕೂತರೆ, ಎಲ್ಲೋ ಒಂದು ಗೋಡೆ ಒಂದು ಮಳೆಗಾಲ ಪೂರ್ತಿ ನೆನೆಯುತ್ತೆ. ಆ ಗೋಡೆ ಯಾರದ್ದು ಅಂತ ಕೆಲಸಕ್ಕೆ ಸೇರೋ ಮೊದಲೇ ಅವರ ಬಾಯಿಂದ ಕೇಳಿರಬೇಕು.

ಕನ್ನಡ ಕ್ಲಬ್‌ನಿಂದ ಈ ಸೆಷನ್‌ಗೆ ಅರ್ಜಿ ಬರೆದು ಇಟ್ಟಿದ್ದೀವಿ. ಮೆಕ್ಯಾನಿಕಲ್, ಸಿಎಸ್, ಇಸಿ ಯಾರಾದರೂ ಆಗಲಿ, ಸಹಿ ಹಾಕೋಕೆ ಬನ್ನಿ. ನಿಮ್ಮ ಊರಲ್ಲಿ ಒಳ್ಳೆ ಮೇಸ್ತ್ರಿ ಇದ್ದರೆ ಅವರನ್ನ ಕೇಳಿ ಒಪ್ಪಿಸಿಕೊಂಡು ಬನ್ನಿ. ಮೊದಲ ಕುರ್ಚಿ ಖಾಲಿ ಇದೆ.