ಮರಳಿಗೆ ಇಳಿಯುವ ಮುನ್ನ



ಅರಕಲಗೂಡು ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಮೊನ್ನೆ ಕಚೇರಿಗೆ ಬಂದಿದ್ದರು. ಮಗ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದ್ದಾನೆ. ಈ ಸಲ ಹೋದಾಗ ಅಲ್ಲಿಯ ಮರಳ ದ್ವೀಪದಲ್ಲಿ ತಾವೇ ಗಾಡಿ ಓಡಿಸುವ ಆಸೆ ಅವರದು. "ನಲವತ್ತು ವರ್ಷ ಮಳೆಗಾಲದ ತೋಟದ ದಾರಿಯಲ್ಲಿ ಜೀಪು ಓಡಿಸಿದವನಿಗೆ ಮರಳೇನು ಮಹಾ, ಕಾರ್ಯದರ್ಶಿಗಳೇ?" ಎಂದರು. ಈ ಮಾತಿಗೆ ಉತ್ತರ ಎಲ್ಲ ಸದಸ್ಯರಿಗೂ ಬೇಕಾದದ್ದೆಂದು ಇಲ್ಲಿ ಬರೆಯುತ್ತಿದ್ದೇನೆ.

ಫ್ರೇಸರ್ ದ್ವೀಪವೆಂದು ಹೆಸರಾಗಿದ್ದ ಆ ದ್ವೀಪಕ್ಕೆ 2023ರಲ್ಲಿ ಅಲ್ಲಿಯ ಮೂಲನಿವಾಸಿಗಳ ಹೆಸರನ್ನೇ ಅಧಿಕೃತವಾಗಿ ಮರಳಿಸಿದರು. ಉಚ್ಚಾರಣೆ ಹೆಚ್ಚುಕಡಿಮೆ ನಮ್ಮ 'ಗರಿ'ಯಂತೆಯೇ. ಸುಮಾರು 120 ಕಿಲೋಮೀಟರ್ ಉದ್ದದ ಇದು ಪ್ರಪಂಚದ ಅತಿ ದೊಡ್ಡ ಮರಳ ದ್ವೀಪ. ಅಲ್ಲಿ ಸಮುದ್ರದ ದಂಡೆಯೇ ಹೆದ್ದಾರಿ. ನಾಲ್ಕು ಚಕ್ರಕ್ಕೂ ಎಳೆತವಿರುವ ಎತ್ತರದ ಗಾಡಿಯೇ ಆಗಬೇಕು, ಮೊದಲೇ ಪರವಾನಗಿ ಪಡೆದಿರಬೇಕು. ದಂಡೆಯ ಮೇಲೂ ವೇಗದ ಮಿತಿ ಗಂಟೆಗೆ 80 ಕಿಲೋಮೀಟರ್. ಉಬ್ಬರಕ್ಕೆ ಎರಡು ಗಂಟೆ ಮೊದಲು, ಎರಡು ಗಂಟೆ ನಂತರ ದಂಡೆಗೆ ಇಳಿಯಬೇಡಿರೆಂಬುದು ಅಲ್ಲಿಯವರ ಎಚ್ಚರಿಕೆ.

ಕೆಸರು ಬಲ್ಲವನು ಮರಳನ್ನೂ ಬಲ್ಲನೆಂಬುದು ತಪ್ಪು. ಕೆಸರಿನಲ್ಲಿ ಚಕ್ರ ತಳದ ಗಟ್ಟಿ ನೆಲವನ್ನು ಕಚ್ಚಬೇಕು. ಮರಳಿನಲ್ಲಿ ಮೇಲೆಯೇ ತೇಲಬೇಕು. ಆದ್ದರಿಂದಲೇ ಟೈರಿನ ಗಾಳಿ ಇಳಿಸುವುದು. ಮೂವತ್ತಕ್ಕೂ ಮೇಲಿರುವ ಗಾಳಿಯನ್ನು ಇಪ್ಪತ್ತು ಪೌಂಡಿನ ಆಸುಪಾಸಿಗೆ ತಂದರೆ ಟೈರು ಒಂಟೆಯ ಪಾದದಂತೆ ಅಗಲವಾಗಿ ಊರುತ್ತದೆ. ಆಮೇಲೆ ಥಟ್ಟನೆ ಬ್ರೇಕು ಹಾಕಬಾರದು, ಸರಕ್ಕನೆ ತಿರುಗಿಸಬಾರದು. ಸಡಿಲ ಟೈರು ರಿಮ್ಮಿನಿಂದ ಕಳಚೀತು. ಚಕ್ರ ನಿಂತಲ್ಲೇ ಸುತ್ತತೊಡಗಿದರೆ ಕಾಲು ತೆಗೆದು ಕೆಳಗಿಳಿಯುವುದೇ ಜಾಣತನ.

ಇದನ್ನು ನಾನು ಕಲಿತದ್ದು ಹೊಳೆನರಸೀಪುರದ ಬಳಿ, ಹೇಮಾವತಿಯ ಮರಳಿನಲ್ಲಿ. ಒಂದು ಬೇಸಿಗೆ ಪಂಪು ತರಲೆಂದು ಜೀಪನ್ನು ಹೊಳೆಗೆ ಇಳಿಸಿದೆ. ಸಿಕ್ಕಿಕೊಂಡಾಗ ನಾಲ್ಕೂ ಚಕ್ರದ ಬಲವಿದೆಯೆಂದು ಇನ್ನಷ್ಟು ಒತ್ತಿದೆ. ಅಚ್ಚು ಮರಳಿಗೆ ತಾಗಿ ಕೂತಿತು. ದಾರಿಹೋಕ ಲಾರಿ ಡ್ರೈವರೊಬ್ಬರು ಗಾಳಿ ಬಿಡಿಸಿ, ಮರಳು ತೋಡಿಸಿ ಹೊರತಂದರು. ಆದರೆ ಮತ್ತೆ ಗಾಳಿ ತುಂಬಲು ಪಂಪಿರಲಿಲ್ಲ. ಆ ಸಡಿಲ ಟೈರಿನಲ್ಲೇ ಡಾಂಬರು ರಸ್ತೆಯಲ್ಲಿ ಬಂದು ಎರಡು ಟೈರು ಹಾಳು ಮಾಡಿಕೊಂಡೆ. ಸಿದ್ಧತೆಯೆಂದರೆ ಹೋಗುವುದಕ್ಕಷ್ಟೇ ಅಲ್ಲ, ಹಿಂತಿರುಗುವುದಕ್ಕೂ ಎಂಬುದು ಅಂದು ತಿಳಿಯಿತು.

ಕಾಫಿ ದರ, ಅಡಿಕೆ ಕೊಳೆ ಬಿಟ್ಟು ಇದೇಕೆ ಎನ್ನಬಹುದು. 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದೊಡನೆ ನಮ್ಮ ಹುಡುಗರು ಮನೆಯವರನ್ನೆಲ್ಲ ಕೂರಿಸಿಕೊಂಡು ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಬಳಿಗೆ ಗಾಡಿ ಇಳಿಸುತ್ತಾರೆ. ಮೇಲೆ ಒಣಗಿದ ಹೆಂಟೆ, ಅಡಿಯಲ್ಲಿ ಹಸಿ ಗೋಡು. ಕೆಳಗಿನ ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳ ಮೇಲೆ ಸಡಿಲ ಮರಳು ಮುಚ್ಚಿರುತ್ತದೆ. ಸಮುದ್ರದ ಉಬ್ಬರಕ್ಕಾದರೂ ಪಂಚಾಂಗವುಂಟು. ಅಣೆಕಟ್ಟಿನಿಂದ ನೀರು ಬಿಡುವ ಹೊತ್ತನ್ನು ಕೇಳಿಯೇ ತಿಳಿಯಬೇಕು. ಹೊಳೆಯ ನಡುವಿನ ದಿಬ್ಬಕ್ಕಂತೂ ಗಾಡಿ ಒಯ್ಯಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕೆಟ್ಟ ಗಾಡಿಯನ್ನು ಸಾಲ ಮಾಡಿಯಾದರೂ ರಿಪೇರಿ ಮಾಡಿಸಬಹುದು. ಹೋದ ಜೀವಕ್ಕೆ ಸಾಲ ಕೊಡುವ ಸಂಘವಿಲ್ಲ.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ಒಂದು ಸಲಹೆ ಇಡುತ್ತೇನೆ. ಗಾಳಿ ಅಳೆಯುವ ಎರಡು ಗೇಜು, ಒಂದು ಕಾಲು ಪಂಪು, ಎರಡು ಸನಿಕೆ, ಗಟ್ಟಿ ಹಗ್ಗ, ಎರಡು ಹಲಗೆ ಸಂಘದ ಉಗ್ರಾಣದಲ್ಲಿರಲಿ. ಠೇವಣಿ ಪಡೆದು ಸದಸ್ಯರಿಗೆ ಕೊಡೋಣ. ಒಯ್ಯುವವರು ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆಂದು ಪುಸ್ತಕದಲ್ಲಿ ಬರೆಯಲಿ, ಒಂಟಿ ಗಾಡಿಯಲ್ಲಿ ಹೋಗದಿರಲಿ.

ಹಿರಿಯ ಸದಸ್ಯರಿಗೂ ಇದನ್ನೇ ಹೇಳಿದೆ. ನಕ್ಕರು. ಬಾಗಿಲವರೆಗೆ ಹೋದವರು ತಿರುಗಿ, "ಆ ಗೇಜು ಎಲ್ಲಿ ಸಿಗುತ್ತದೆ?" ಎಂದು ಕೇಳಿದರು.

– ಕಾರ್ಯದರ್ಶಿ