ಬಿಸಿಲಿಗೆ ಯಾಕ್ರೀ ಬೈತೀರಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ... ಈ ನಾಲ್ಕು ತಾಲ್ಲೂಕಲ್ಲಿ ಎಲ್ಲೇ ಕಾರು ಹೀಟಾಗಿ ನಿಂತರೂ ಉತ್ತರ ಒಂದೇ: "ನಮ್ ಕಡೆ ಬಿಸಿಲೇ ಹಂಗೆ ಸಾರ್!" ಇದು ಶುದ್ಧ ಬೊಗಳೆ ಸ್ವಾಮಿ. ಇಂಜಿನ್ ಕೆಲಸ ಮಾಡೋದೇ ಸುಮಾರು 90 ಡಿಗ್ರಿಯಲ್ಲಿ. ಹೊರಗೆ 40 ಡಿಗ್ರಿ ಇದ್ದರೂ ಒಳಗಿನ ಕಾವನ್ನು ಹೊರಹಾಕೋ ತಾಕತ್ತು ಒಳ್ಳೇ ರೇಡಿಯೇಟರ್‌ಗೆ ಇರುತ್ತೆ.

ನಿಜವಾದ ಕಳ್ಳ ನಾವು ಸುರಿಯೋ ಬೋರ್ ನೀರು. ಪಾವಗಡದ ನೀರು ಅಂದ ತಕ್ಷಣ ಎಲ್ಲರೂ ಫ್ಲೋರೈಡ್ ಅಂತಾರೆ. ಅದು ನಮ್ಮ ಹಲ್ಲು, ಮೂಳೆಗೆ ಶತ್ರು. ರೇಡಿಯೇಟರ್‌ಗೆ ಶತ್ರು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ಕೂಲೆಂಟ್ ಇದ್ದರೆ ತುಕ್ಕು ಹಿಡಿಯಲ್ಲ, ಬೇಗ ಕುದಿಯೋದೂ ಇಲ್ಲ. ಅದನ್ನು ಬಿಟ್ಟು ಬರೀ ಬೋರ್ ನೀರು ತುಂಬಿಸೋದು ಉಳಿತಾಯವಲ್ಲ, ಸಾಲ!

ಎರಡನೇ ಅನಾಹುತ, "ಥರ್ಮೋಸ್ಟಾಟ್ ಕಿತ್ತು ಬಿಸಾಕಿ" ಅನ್ನೋ ಸಲಹೆ. ಅದಿಲ್ಲದಿದ್ದರೆ ಇಂಜಿನ್ ಬಿಸಿಯಾಗೋದು ತಡ, ಡೀಸೆಲ್ ದಂಡ, ಸವೆತ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಂತೂ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲೇ ಸುತ್ತುತ್ತೆ, ಹೀಟು ಇನ್ನೂ ಏರುತ್ತೆ! ಕೆಟ್ಟಿದ್ದರೆ ಬದಲಾಯಿಸಿ, ಕೀಳಬೇಡಿ.

ಕಾಯಿಲೆ ಪತ್ತೆ ಮಾಡೋದು ಬ್ರಹ್ಮವಿದ್ಯೆ ಏನಲ್ಲ. ಮಧುಗಿರಿ ಪೇಟೆಯಲ್ಲಿ ತೆವಳುವಾಗ ಹೀಟಾಗಿ ಶಿರಾ ಹೈವೇಯಲ್ಲಿ ಸರಿಹೋದರೆ ಫ್ಯಾನು, ಅದರ ಫ್ಯೂಸು, ರಿಲೇ ನೋಡಿ. ಹೈವೇಯಲ್ಲೇ ಏರಿದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು. ಎಲ್ಲೂ ಸೋರದೆ ನೀರು ಕಮ್ಮಿಯಾಗ್ತಾ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ, ಗಾಡಿ ಓಡಿಸಬೇಡಿ.

ಮುಳ್ಳು ಕೆಂಪಿಗೆ ಹೋದರೆ ಏಸಿ ಆಫ್ ಮಾಡಿ, ಬದಿಗೆ ಹಾಕಿ, ಇಂಜಿನ್ ನಿಲ್ಲಿಸಿ. ಪೂರ್ತಿ ತಣ್ಣಗಾಗೋವರೆಗೂ ಕ್ಯಾಪ್ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿರೋ ನೀರು 100 ಡಿಗ್ರಿ ದಾಟಿರಬಹುದು, ಮುಖಕ್ಕೇ ಚಿಮ್ಮುತ್ತೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಬಾಡಿಗೆ ಗಾಡಿ ಓಡಿಸಿ ಕಂತು ಕಟ್ಟೋನಿಗೆ ಹೆಡ್ ಕೆಲಸ ಅಂದ್ರೆ ದುಡಿಮೆಯೂ ನಿಂತ ಹಾಗೆ. ಒಂದು ಕ್ಯಾನ್ ಕೂಲೆಂಟ್ ಬೆಲೆ ಅದರ ಮುಂದೆ ಎಷ್ಟು ಹೇಳಿ? ಬಿಸಿಲು ಪಾಪ, ತನ್ನ ಪಾಡಿಗೆ ಕಾಯ್ತಿದೆ. ಅದನ್ನು ಬಿಟ್ಟು ಬಾನೆಟ್ ಎತ್ತಿ ನೋಡೋಣ. ಏನಂತೀರಿ?