ಮೊದಲು ನೀರು ಸಾಕಿ, ಸಿಗಡಿ ಆಮೇಲೆ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಗೆ ಏಳನೇ ತರಗತಿಯ ಒಬ್ಬ ಹುಡುಗ ಬಂದ. ನಾನು ಮನೆಯಲ್ಲಿ ಕೆಂಪು ಸಿಗಡಿ ಸಾಕುತ್ತೇನೆಂದು ಅವನಿಗೆ ಯಾರೋ ಹೇಳಿದ್ದರಂತೆ. ಕೈಯಲ್ಲಿ 250 ರೂಪಾಯಿ ಇತ್ತು, ಪೆರ್ನಾಲಿಗೆ ಸಿಕ್ಕಿದ್ದನ್ನು ಕೂಡಿಟ್ಟದ್ದು. ಒಂದಕ್ಕೆ 25 ರೂಪಾಯಿಯಂತೆ ಹತ್ತು ಸಿಗಡಿಗಳನ್ನು ತೊಟ್ಟೆಯಲ್ಲಿ ಹಾಕಿ ಕೊಟ್ಟೆ. ಟ್ಯಾಂಕ್ ಉಂಟಾ ಎಂದು ಕೇಳಿದೆ, ಉಂಟು ಎಂದ. ಅದಕ್ಕೆ ನೀರು ತುಂಬಿಸಿ ಎಷ್ಟು ದಿನವಾಯಿತು ಎಂದು ಕೇಳಲಿಲ್ಲ.

ನಾಲ್ಕನೇ ದಿನ ಅವನು ಮತ್ತೆ ಬಂದ. ಹತ್ತೂ ಸತ್ತಿದ್ದವು. ನೀರು ತುಂಬಿಸಿದ್ದು ನನ್ನ ಬಳಿ ಬಂದ ದಿನವೇ ಬೆಳಿಗ್ಗೆ. ಹುಡುಗ ಜಗಳ ಮಾಡಲಿಲ್ಲ, ತನ್ನದೇ ತಪ್ಪು ಎಂದುಕೊಂಡಿದ್ದ. ಇನ್ನೂ ಐದು ಬೇಕು ಎಂದು 125 ರೂಪಾಯಿ ಮುಂದೆ ಇಟ್ಟ. ಗಲ್ಲಾದಲ್ಲಿ ಕೂತಿದ್ದ ಉಪ್ಪ ನನ್ನನ್ನು ಕೇಳಿದರು: "ಮೋನೇ, ಅದು ಸತ್ತದ್ದು ಯಾಕೆಂದು ನಿನಗೆ ಗೊತ್ತುಂಟಾ?" ಗೊತ್ತುಂಟು ಎಂದೆ. "ಕೊಡುವಾಗಲೂ ಗೊತ್ತಿತ್ತಾ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಉಪ್ಪ ಗಲ್ಲಾದಿಂದ 250 ರೂಪಾಯಿ ತೆಗೆದು ಹುಡುಗನ ಕೈಗೆ ಕೊಟ್ಟರು.

ಇದನ್ನು ಬರೆಯಲು ಕಾರಣ ಉಂಟು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮವರೇ ಹಲವರು ಈಗ ನನ್ನ ಬಳಿ ಸಿಗಡಿಯ ಬಗ್ಗೆ ವಿಚಾರಿಸುತ್ತಾರೆ. ಕೆಲವರು ಗಲ್ಫ್ ಬಿಟ್ಟು ಬಂದವರು, ಕೆಲವರು ನನ್ನ ಹಾಗೆ ಡಿಪ್ಲೊಮಾ ಮಾಡಿ ಸರಿಯಾದ ಕೆಲಸ ಸಿಗದವರು. ಮನೆಯ ಮೂಲೆಯಲ್ಲಿ ನಾಲ್ಕು ಟ್ಯಾಂಕ್ ಇಟ್ಟರೆ ತಿಂಗಳ ಸಂಪಾದನೆ ಆಗುತ್ತದೆ ಎನ್ನುವ ವಿಡಿಯೋ ನೋಡಿರುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸಿಗಡಿ ಸಾಕುವುದು ಒಳ್ಳೆಯ ಹವ್ಯಾಸ. ಅದನ್ನು ಸುಲಭದ ಸಂಪಾದನೆ ಎಂದು ಇನ್ನೊಬ್ಬರಿಗೆ ಹೇಳುವುದು ಸರಿಯಲ್ಲ. ಮಾರುವುದೇ ಆದರೆ, ಹಣ ತೆಗೆದುಕೊಳ್ಳುವ ಮೊದಲು 40 ದಿನದ ಮಾತು ಹೇಳಬೇಕು.

ಆ 40 ದಿನ ಏನೆಂದರೆ, ಹೊಸ ಟ್ಯಾಂಕಿನ ನೀರು ಕಣ್ಣಿಗೆ ಸ್ವಚ್ಛವಾಗಿದ್ದರೂ ಸಿಗಡಿಗೆ ಅದು ತಯಾರಾದ ನೀರಲ್ಲ. ಸಿಗಡಿಯ ಹೇಲು, ಉಳಿದ ತಿಂಡಿ, ಕೊಳೆತ ಎಲೆ ಇವುಗಳಿಂದ ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಬೇಗ ಅಪಾಯವಿಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ಸ್ಪಂಜ್ ಫಿಲ್ಟರಿನಲ್ಲಿ, ತಳದ ಜಲ್ಲಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಏರ್ ಪಂಪ್ ಓಡಿಸಿ, ಚಿಟಿಕೆ ತಿಂಡಿ ಹಾಕುತ್ತಾ ಖಾಲಿ ನೀರನ್ನೇ ಸಾಕಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಸಿಗಡಿ ತನ್ನಿ.

ನಾವು ಸಾಕುವ ಚೆರ್ರಿ ಸಿಗಡಿಯ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಮೂಲ ಚೀನಾ, ತೈವಾನ್ ಕಡೆಯದು. ಕಾಡಿನಲ್ಲಿ ಅದರ ಬಣ್ಣ ಮಾಸಲು ಕಂದು. ಕೆಂಪು ಬಂದದ್ದು ಮನುಷ್ಯರು ಆರಿಸಿ ಆರಿಸಿ ಸಾಕಿದ್ದರಿಂದ. ಬೆಳೆದದ್ದು ಎರಡು, ಮೂರು ಸೆಂಟಿಮೀಟರ್ ಉದ್ದ, ಆಯಸ್ಸು ಒಂದೆರಡು ವರ್ಷ. ಹೆಣ್ಣು 20, 30 ಮೊಟ್ಟೆಗಳನ್ನು ಹೊಟ್ಟೆಯ ಅಡಿಯಲ್ಲಿ ಹಿಡಿದುಕೊಂಡು ಮೂರು ವಾರದ ಆಸುಪಾಸು ಗಾಳಿ ಬೀಸುತ್ತಾ ಇರುತ್ತದೆ. ಮರಿಗಳು ಹುಟ್ಟುವಾಗಲೇ ತಾಯಿಯ ರೂಪದಲ್ಲಿ ಇರುತ್ತವೆ, ಉಪ್ಪು ನೀರು ಬೇಡ. ಎರಡು, ಮೂರು ತಿಂಗಳಲ್ಲಿ ಅವೂ ಮರಿ ಹಾಕುವಷ್ಟು ಬೆಳೆಯುತ್ತವೆ.

ವಿಡಿಯೋದವರ ಲೆಕ್ಕ ಇಲ್ಲಿಂದಲೇ ಶುರು. ಹತ್ತು ಸಿಗಡಿ, ಅದರಲ್ಲಿ ಐದು ಹೆಣ್ಣು, ಒಂದೊಂದಕ್ಕೆ 25 ಮರಿ, ಒಟ್ಟು 125. ಮುಂದಿನ ತಲೆಮಾರಿಗೆ ಸಾವಿರ ದಾಟುತ್ತದೆ. ಈ ಲೆಕ್ಕ ಪೂರ್ತಿ ಸುಳ್ಳಲ್ಲ; ನೀರು ಸರಿ ಇದ್ದರೆ ಸಿಗಡಿ ನಿಜಕ್ಕೂ ಹೆಚ್ಚುತ್ತದೆ. ತೊಂದರೆ ಇರುವುದು ಅಲ್ಲಿಯೇ. ಅಂಗಡಿಯಿಂದ ಅಕ್ಕಿ ಒಯ್ದವರು ತಿಂದು ಮುಗಿಸಿ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಸಿಗಡಿ ಒಯ್ದವರ ಮನೆಯಲ್ಲಿ ಸರಕು ತಾನೇ ಮರಿ ಹಾಕುತ್ತದೆ. ಅವರು ಮತ್ತೆ ಬರುವುದಿಲ್ಲ. ಆರು ತಿಂಗಳಲ್ಲಿ ಅವರೇ ನೆರೆಮನೆಗೆ ಕೊಡುತ್ತಾರೆ. ಹಾಗಾದರೆ ಮತ್ತೆ ಮತ್ತೆ ಬರುವ ಗಿರಾಕಿ ಯಾರು? ಸಿಗಡಿ ಸತ್ತವರು. ಸರಿಯಾಗಿ ಹೇಳಿಕೊಟ್ಟವನಿಗೆ ವ್ಯಾಪಾರ ಕಡಿಮೆ, ಹೇಳದೆ ಕೊಟ್ಟವನಿಗೆ ಹೆಚ್ಚು. ಹುಡುಗ ಎರಡನೇ ಸಲ 125 ರೂಪಾಯಿ ತಂದಾಗ ನನಗೆ ಇದು ಅರ್ಥವಾಯಿತು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎನ್ನುವವರು ನಮ್ಮಲ್ಲಿ ಇದ್ದಾರೆ. ಆ ಹೆಸರಿಗೆ ಈ ಬಗೆಯ ಲಾಭ ಬೇಡ.

ದುಬಾರಿ ಜಾತಿ ಸಾಕಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಕ್ರಿಸ್ಟಲ್ ರೆಡ್ ಎಂಬ ಕೆಂಪು-ಬಿಳಿ ಸಿಗಡಿಯನ್ನು ಜಪಾನಿನ ಹಿಸಯಾಸು ಸುಝುಕಿ ಎಂಬವರು 1990ರ ದಶಕದಲ್ಲಿ ತಯಾರು ಮಾಡಿದರು. ಕಪ್ಪು-ಬಿಳಿ ಸಿಗಡಿಗಳ ನಡುವೆ ಕೆಂಪಾಗಿ ಹುಟ್ಟಿದ್ದನ್ನು ಹಿಡಿದು ವರ್ಷಗಟ್ಟಲೆ ಆರಿಸಿ ಬೆಳೆಸಿದ್ದು ಅದು. ಅದಕ್ಕೆ 20ರಿಂದ 24 ಡಿಗ್ರಿಯ ತಂಪು ನೀರು ಬೇಕು. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮನೆಯೊಳಗಿನ ನೀರೇ 30 ಡಿಗ್ರಿ ದಾಟುತ್ತದೆ. ಫ್ಯಾನ್ ಇಟ್ಟರೆ ನೀರು ಆವಿಯಾಗಿ ತಂಪಾಗುತ್ತದೆ ನಿಜ, ಆದರೆ ಗಾಳಿಯಲ್ಲಿ ಇಷ್ಟು ತೇವ ಇರುವ ಊರಿನಲ್ಲಿ ಅದು ಹೆಚ್ಚು ಇಳಿಸುವುದಿಲ್ಲ. ವೆಟ್ ಬಲ್ಬ್ ತಾಪಮಾನದ ಪಾಠ ಓದಿದವರಿಗೆ ಇದು ಗೊತ್ತು. ಉಳಿದ ದಾರಿ ಚಿಲ್ಲರ್ ಅಥವಾ ಏಸಿ. ಕರೆಂಟ್ ಬಿಲ್ಲಿನ ಲೆಕ್ಕ ಹಾಕಿ ಆಮೇಲೆ ಕನಸು ಕಾಣಿ.

ಚೆರ್ರಿ ಸಾಕುವವರಿಗೆ ನಮ್ಮ ಊರಿನ ಮಟ್ಟಿಗೆ ನಾಲ್ಕು ಮಾತು ಹೇಳುತ್ತೇನೆ. ಒಂದು, ನಮ್ಮ ಮುರಕಲ್ಲಿನ ಬಾವಿಯ ನೀರು, ಸುರಂಗದ ನೀರು ಕುಡಿಯಲು ಸಿಹಿ, ಆದರೆ ಅದರಲ್ಲಿ ಸುಣ್ಣದ ಅಂಶ ತೀರಾ ಕಡಿಮೆ, ಹುಳಿಯ ಗುಣ ಸ್ವಲ್ಪ ಹೆಚ್ಚು. ಸಿಗಡಿ ಬೆಳೆಯುವಾಗ ಚಿಪ್ಪು ಕಳಚಿ ಹೊಸ ಚಿಪ್ಪು ಮಾಡಿಕೊಳ್ಳಬೇಕು, ಅದಕ್ಕೆ ಸುಣ್ಣ ಬೇಕು. ಸಾಲದಿದ್ದರೆ ಚಿಪ್ಪು ಕಳಚುವಾಗಲೇ ಸಾಯುತ್ತದೆ. ನನ್ನ ಮೊದಲ ಟ್ಯಾಂಕಿನಲ್ಲಿ ಆದದ್ದು ಅದೇ. ಉಮ್ಮ ಪಲ್ಯಕ್ಕೆ ತಂದ ಮರುವಾಯಿಯ ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಒಂದು ಮುಷ್ಟಿ ಹಾಕಿದೆ. ಹುಳಿ ನೀರಿನಲ್ಲಿ ಅದು ನಿಧಾನ ಕರಗುತ್ತದೆ. ಅಲ್ಲಿಂದ ಸಾವು ಕಡಿಮೆಯಾಯಿತು.

ಎರಡು, ತಾಮ್ರ. ಸಿಗಡಿಯ ರಕ್ತದಲ್ಲಿ ಉಸಿರು ಹೊರುವುದೇ ತಾಮ್ರ, ಆದರೆ ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪ ಹೆಚ್ಚಾದರೂ ಅದಕ್ಕೆ ವಿಷ. ಅಡಿಕೆಗೆ ಕೊಳೆರೋಗಕ್ಕೆಂದು ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತು ಮತ್ತು ಸುಣ್ಣದ್ದು. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತು ಹಾಕುತ್ತಾರೆ. ತುತ್ತು ಕಲಸಿದ ಬಕೆಟ್ಟನ್ನು ನಾನು ತೊಳೆದು ಟ್ಯಾಂಕಿಗೆ ನೀರು ಹಾಕಲು ಬಳಸಿದೆ. ಮರುದಿನ 30ಕ್ಕಿಂತ ಹೆಚ್ಚು ಸತ್ತವು. ಟ್ಯಾಂಕಿಗೆ ಬೇರೆಯೇ ಬಕೆಟ್ ಇಡಿ. ತಾಮ್ರದ ಹಂಡೆಯಲ್ಲಿ ನಿಂತ ನೀರೂ ಬೇಡ, ತೋಟಕ್ಕೆ ಮದ್ದು ಹೊಡೆಯುವ ದಿನಗಳಲ್ಲಿ ತೋಡಿನ ನೀರೂ ಬೇಡ.

ಮೂರು, ಸೊಳ್ಳೆಯ ಕಾಯಿಲ್, ಜಿರಳೆಯ ಸ್ಪ್ರೇ. ಇವುಗಳಲ್ಲಿ ಇರುವ ಪೈರೆಥ್ರಾಯ್ಡ್ ಕೀಟವನ್ನು ಕೊಲ್ಲುವ ಹಾಗೆಯೇ ಸಿಗಡಿಯನ್ನೂ ಕೊಲ್ಲುತ್ತದೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುವುದು. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿ.

ನಾಲ್ಕು, ಹೆಚ್ಚಾದವನ್ನು ತೋಡಿಗೋ ಕೆರೆಗೋ ಬಿಡಬೇಡಿ. ಪಾಪ, ಬದುಕಲಿ ಎಂದು ಬಿಡುವವರಿದ್ದಾರೆ. ಜರ್ಮನಿಯಂಥ ತಣ್ಣಗಿನ ದೇಶದಲ್ಲೂ, ವಿದ್ಯುತ್ ಸ್ಥಾವರದ ಬೆಚ್ಚಗಿನ ನೀರು ಸೇರುವ ಒಂದು ತೊರೆಯಲ್ಲಿ ಇದೇ ಜಾತಿ ಬೇರೂರಿದೆ. ನಮ್ಮಲ್ಲಿ ವರ್ಷವಿಡೀ ಬೆಚ್ಚಗಿನ ನೀರೇ. ಪಶ್ಚಿಮ ಘಟ್ಟದಿಂದ ಇಳಿಯುವ ಹೊಳೆ, ತೋಡುಗಳಲ್ಲಿ ಇಲ್ಲಿನದೇ ಸಣ್ಣ ಸಿಗಡಿಗಳಿವೆ. ಅವುಗಳ ಜಾಗ ಅವುಗಳಿಗಿರಲಿ.

ಇಷ್ಟಕ್ಕೆಲ್ಲ ಹೆಚ್ಚು ಖರ್ಚಿಲ್ಲ. 30 ಲೀಟರಿನ ಗಾಜಿನ ಟ್ಯಾಂಕ್, ಏರ್ ಪಂಪ್, ಸ್ಪಂಜ್ ಫಿಲ್ಟರ್, ಸ್ವಲ್ಪ ಪಾಚಿ ಸಾಕು. ಸಿಗಡಿಯ ಮೇವಿಗೆಂದು ಆನ್‌ಲೈನಿನಲ್ಲಿ ಮಾರುವ ಒಣ ಬಾದಾಮಿ ಎಲೆ ನಮ್ಮ ಶಾಲೆ, ಮಸೀದಿಗಳ ಅಂಗಳದಲ್ಲಿ ದಿನಾ ಗುಡಿಸಿ ಎಸೆಯುವಂಥದ್ದು. ಒಂದೆಲೆ ತೊಳೆದು ಹಾಕಿದರೆ ಮರಿಗಳು ವಾರಗಟ್ಟಲೆ ಅದರ ಮೇಲೆ ಬೆಳೆಯುವ ಪೊರೆಯನ್ನು ಮೇಯುತ್ತವೆ. ಮಕ್ಕಳು ಮೊಬೈಲ್ ಬಿಟ್ಟು ಅದನ್ನು ನೋಡುತ್ತಾ ಕೂರುವುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಬಿದ್ದ ಹಣಕ್ಕೆ ಅಷ್ಟು ಬಂದರೆ ಸಾಕು ಎಂದು ಮೊದಲೇ ಅಂದುಕೊಂಡವರಿಗೆ ಇದರಲ್ಲಿ ನಷ್ಟವಿಲ್ಲ.

ಆ ಹುಡುಗನಿಗೆ ಅವತ್ತು ಸಿಗಡಿ ಕೊಡಲಿಲ್ಲ. ನನ್ನ ಹಳೆಯ ಫಿಲ್ಟರಿನ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ, ಒದ್ದೆಯಾಗಿಯೇ ತೊಟ್ಟೆಗೆ ಹಾಕಿ ಕೊಟ್ಟೆ. ಅದರಲ್ಲಿ ಬೇಕಾದ ಬ್ಯಾಕ್ಟೀರಿಯಾ ಇರುತ್ತದೆ. ಕ್ಯಾಲೆಂಡರಿನಲ್ಲಿ 40 ದಿನ ಎಣಿಸಿ ಗುರುತು ಹಾಕಲು ಹೇಳಿದೆ. ಅವನು 43ನೇ ದಿನ ಬಂದ. ಹತ್ತು ಸಿಗಡಿ ಕೊಟ್ಟೆ, ಹಣ ಬೇಡ ಎಂದೆ. ಫೆಬ್ರವರಿಯಲ್ಲಿ ಅಂಗಡಿಗೆ ಬಂದವನು ಉಪ್ಪನ ಬಳಿ ಹೇಳಿದನಂತೆ, ಮರಿಗಳನ್ನು ಎಣಿಸಲು ಆಗುವುದಿಲ್ಲ, ಓಡುತ್ತವೆ ಎಂದು. ಈಗ ಯಾರು ಕೇಳಿದರೂ ಮೊದಲು ಸ್ಪಂಜಿನ ತುಂಡು ಕೊಟ್ಟು ಕಳಿಸುತ್ತೇನೆ. ತಿರುಗಿ ಬಾರದವರೂ ಇದ್ದಾರೆ. ಬೇಸರವಿಲ್ಲ.